ಹಗಲು ಕುಗ್ಗುವ ವಾರಗಳು

ಶರತ್ಕಾಲದಲ್ಲಿ ನಮ್ಮ ಮನೆಗೆ ಬಂದವರು ಹೊರಡುವಾಗ ತಪ್ಪದೆ ಒಂದು ಮಾತು ಹೇಳುತ್ತಾರೆ: ಎಷ್ಟು ನೆಮ್ಮದಿಯ ಜಾಗ ಇದು ಎಂದು. ವಿದ್ಯುತ್ ತಂತಿ ಬಾರದ, ಊರಿನ ನೀರಿನ ಕೊಳವೆ ತಲುಪದ, ಬೆಟ್ಟದ ಮಗ್ಗುಲಿನ ಈ ಒಂಟಿ ಮನೆ ಆ ದಿನಗಳಲ್ಲಿ ನೋಡಲು ಚೆಂದವಾಗಿಯೇ ಇರುತ್ತದೆ. ಎಲೆಗಳು ಬಣ್ಣ ತಿರುಗಿರುತ್ತವೆ, ಗಾಳಿಯಲ್ಲಿ ಪಸೆ ಕಡಿಮೆಯಾಗಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡಿ ಕೂರಬೇಕೆನಿಸುತ್ತದೆ. ಅವರ ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳುತ್ತಿರುವಾಗ ನನ್ನ ಕಣ್ಣು ಸೌದೆಯ ಒಟ್ಟಿನ ಕಡೆಗೋ ಚಿಮಣಿಯ ಕಡೆಗೋ ಹೋಗಿರುತ್ತದೆ. ಇಡೀ ವರ್ಷದಲ್ಲಿ ಈ ಮನೆಗೆ ಅತ್ಯಂತ ಅವಸರದ ವಾರಗಳು ಇವೇ, ಮತ್ತು ಆ ಅವಸರ ಯಾವ ಬಗೆಯದು ಎಂಬುದನ್ನು ಬಂದವರಿಗೆ ತಿಳಿಸಿ ಹೇಳಲು ನನಗೆ ಇದುವರೆಗೂ ಸರಿಯಾಗಿ ಆಗಿಲ್ಲ. ಕೈತುಂಬ ಕೆಲಸವಿದೆ ಎಂದರೆ ಅವರು ಅನುಕಂಪದಿಂದ ತಲೆಯಾಡಿಸುತ್ತಾರೆ, ಆದರೆ ನಾನು ಹೇಳಬೇಕೆಂದಿರುವುದು ಅದಲ್ಲ. ಚಳಿಗಾಲಕ್ಕೆ ಬೇಕಾದ ಕೆಲಸದಲ್ಲಿ ದೊಡ್ಡ ಪಾಲನ್ನು ನಾವು ಮಾಡುವುದೇ ಇಲ್ಲ. ಗಾಳಿ, ಬಿಸಿಲು, ಕತ್ತಲೆ ಮತ್ತು ತಂಪು ಅದನ್ನು ಮಾಡುತ್ತವೆ. ಅವುಗಳಿಗೆ ಬೇಕಾದಷ್ಟು ದಿನಗಳನ್ನು ನಾವು ಬಿಟ್ಟುಕೊಟ್ಟಿದ್ದೇವೆಯೇ ಎಂಬುದು ಶರತ್ಕಾಲ ಬಂದಾಗ ಗೊತ್ತಾಗುತ್ತದೆ, ಮತ್ತು ಕೆಲವು ಸಂಗತಿಗಳಲ್ಲಿ ಆ ಹೊತ್ತಿಗೆ ಗಡುವು ಮುಗಿದೇ ಹೋಗಿರುತ್ತದೆ.

ಬೆಳಕಿನ ಇಳಿಜಾರು

ಹಗಲು ಒಂದೇ ವೇಗದಲ್ಲಿ ಕುಗ್ಗುತ್ತ ಹೋಗುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಜೂನ್ 21ರ ಹಿಂದೆಮುಂದೆ ಹಗಲಿನ ಉದ್ದ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ, ಡಿಸೆಂಬರ್ 21ರ ಸುಮಾರಿಗೂ ಹಾಗೆಯೇ. ಇಳಿತ ಕಡಿದಾಗುವುದು ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಸಮವಾಗುವ, ಸೆಪ್ಟೆಂಬರ್ 22 ಅಥವಾ 23ರಂದು ಬರುವ ವಿಷುವದ ಆಸುಪಾಸಿನಲ್ಲಿ. ಸಮಭಾಜಕಕ್ಕೆ ಹತ್ತಿರದ 10 ಡಿಗ್ರಿ ಅಕ್ಷಾಂಶದಲ್ಲಿ ಆಗ ದಿನಕ್ಕೆ ಅರ್ಧ ನಿಮಿಷದಷ್ಟು ಹಗಲು ಕಡಿಮೆಯಾಗುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. 45 ಡಿಗ್ರಿಯಲ್ಲಿ ಅದೇ ಇಳಿತ ದಿನಕ್ಕೆ 3 ನಿಮಿಷ ದಾಟುತ್ತದೆ, 60 ಡಿಗ್ರಿಯಲ್ಲಿ 5 ನಿಮಿಷವನ್ನೂ ಮೀರುತ್ತದೆ. ದಿನಕ್ಕೆ 3 ನಿಮಿಷವೆಂದರೆ ವಾರಕ್ಕೆ 20 ನಿಮಿಷದ ಮೇಲೆ, ತಿಂಗಳಿಗೆ ಒಂದೂವರೆ ಗಂಟೆ. ತಂತಿಯಲ್ಲಿ ವಿದ್ಯುತ್ ಬರುವ ಮನೆಯಲ್ಲಿ ಇದರ ಪರಿಣಾಮ ದೀಪವನ್ನು ಸ್ವಲ್ಪ ಬೇಗ ಹಾಕುವುದಷ್ಟೇ. ಸೌರ ಫಲಕಗಳನ್ನು ನಂಬಿದ ಮನೆಯಲ್ಲಿ ಆ ನಿಮಿಷಗಳು ಎರಡು ಕಡೆಯಿಂದ ಹೋಗುತ್ತವೆ. ಬ್ಯಾಟರಿ ತುಂಬುವ ಹೊತ್ತು ಕಡಿಮೆಯಾಗುತ್ತದೆ, ಬ್ಯಾಟರಿಯಿಂದ ಸೆಳೆಯುವ ಹೊತ್ತು ಅಷ್ಟೇ ಹೆಚ್ಚಾಗುತ್ತದೆ.

ಹಗಲಿನ ಉದ್ದಕ್ಕಿಂತಲೂ ಮೋಸ ಮಾಡುವುದು ಸೂರ್ಯನ ಎತ್ತರ. 45 ಡಿಗ್ರಿ ಅಕ್ಷಾಂಶವನ್ನೇ ಉದಾಹರಣೆಗೆ ತೆಗೆದುಕೊಂಡರೆ, ಜೂನ್ ಕೊನೆಯ ನಡುಹಗಲಿನಲ್ಲಿ ಸೂರ್ಯ 68 ಡಿಗ್ರಿಗಿಂತ ಮೇಲಿರುತ್ತಾನೆ, ವಿಷುವದ ದಿನ 45 ಡಿಗ್ರಿಯಲ್ಲಿ, ಡಿಸೆಂಬರ್ ಕೊನೆಗೆ 22 ಡಿಗ್ರಿಗೂ ಕೆಳಗೆ. ಹತ್ತು ಮೀಟರ್ ಎತ್ತರದ ಮರದ ನಡುಹಗಲಿನ ನೆರಳು ಜೂನ್‌ನಲ್ಲಿ 4 ಮೀಟರ್ ಇದ್ದದ್ದು ವಿಷುವಕ್ಕೆ 10 ಮೀಟರ್ ಆಗಿ, ಡಿಸೆಂಬರ್‌ನಲ್ಲಿ 25 ಮೀಟರ್ ಚಾಚುತ್ತದೆ. ಬೇಸಿಗೆಯಲ್ಲಿ ತನ್ನ ಪಾಡಿಗೆ ತಾನಿದ್ದ ಮರವೊಂದು ಅಕ್ಟೋಬರ್ ಹೊತ್ತಿಗೆ ಫಲಕಗಳ ಮೇಲೆ ಬಂದು ಮಲಗುವುದು ಹೀಗೆ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಲ್ಲದು. ಆದ್ದರಿಂದ ವಿಷುವದ ವಾರದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತು ಹೊರಗೆ ಹೋಗಿ ನೆರಳು ಎಲ್ಲಿ ಬೀಳುತ್ತಿದೆ ಎಂದು ನೋಡುವುದು ನಮ್ಮ ಮನೆಯಲ್ಲಿ ಒಂದು ಕೆಲಸವೇ. ಯಾವ ಕೊಂಬೆಯನ್ನು ಸವರಬೇಕು ಎಂಬುದು ಆಗ ತೀರ್ಮಾನವಾಗುತ್ತದೆ. ಫಲಕಗಳ ಓರೆಯನ್ನೂ ಆಗಲೇ ಬದಲಿಸುತ್ತೇವೆ. ಚಳಿಗಾಲಕ್ಕೆ ಅಕ್ಷಾಂಶದ ಮೇಲೆ ಇನ್ನೊಂದು 15 ಡಿಗ್ರಿ ಕಡಿದಾಗಿ ನಿಲ್ಲಿಸುವುದು ರೂಢಿಯ ಲೆಕ್ಕ. ಅಷ್ಟು ಕಡಿದಾಗಿದ್ದರೆ ಹಿಮವೂ ತಾನಾಗಿ ಜಾರಿ ಹೋಗುತ್ತದೆ. ಚಳಿಯಿಂದ ಒಂದು ಅನುಕೂಲವೂ ಉಂಟು. ಸಿಲಿಕಾನ್ ಫಲಕಗಳು ತಂಪಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತವೆ, ಹಾಗಾಗಿ ಬೀಳುವ ಬಿಸಿಲು ಸ್ವಲ್ಪವಾದರೂ ಅದು ವ್ಯರ್ಥವಾಗುವುದಿಲ್ಲ.

ಕಡಿಮೆಯಾದ ಬೆಳಕಿಗೆ ಪರಿಹಾರವೆಂದು ಬಹಳ ಮಂದಿ ಇನ್ನಷ್ಟು ಫಲಕಗಳನ್ನು, ಇನ್ನಷ್ಟು ದೊಡ್ಡ ಬ್ಯಾಟರಿಯನ್ನು ಸೂಚಿಸುತ್ತಾರೆ. ಫಲಕಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಬ್ಯಾಟರಿಯನ್ನು ಮಾತ್ರ ದೊಡ್ಡದು ಮಾಡಿದರೆ ತುಂಬಲಾಗದ ಪಾತ್ರೆಯನ್ನು ಮನೆಗೆ ತಂದಂತಾಗುತ್ತದೆ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಚಾರ್ಜ್ ಆಗದೆ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಉಳಿದರೆ ಅದರ ತಗಡುಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂತು ಆಯಸ್ಸು ಇಳಿಯುತ್ತದೆ. ಪೂರ್ತಿ ತುಂಬಿದ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಬರಿದಾದ ಬ್ಯಾಟರಿಯಲ್ಲಿ ಅದು ಬಹುಮಟ್ಟಿಗೆ ನೀರೇ ಆಗಿರುವುದರಿಂದ ಮೈನಸ್ 10ರ ಸುಮಾರಿಗೇ ಹೆಪ್ಪುಗಟ್ಟಿ ಡಬ್ಬಿಯನ್ನು ಸೀಳಿಬಿಡಬಹುದು. ಈಚಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಿಗೆ ಈ ತೊಂದರೆಗಳಿಲ್ಲ, ಆದರೆ ಅವುಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ಯಾವ ಜಾತಿಯದ್ದಾದರೂ ಬ್ಯಾಟರಿಯನ್ನು ಚಳಿ ತಾಗದ ಕಡೆ ಇಡುವ ಏರ್ಪಾಡು ಅಕ್ಟೋಬರ್ ಒಳಗೆ ಮುಗಿದಿರಬೇಕು.

ನಾವು ಹಿಡಿದಿರುವ ದಾರಿ ಬೇರೆ: ಇಳಿಯುವ ಬೆಳಕಿನ ಜೊತೆಗೆ ಖರ್ಚನ್ನೂ ಇಳಿಸುವುದು. ರಾತ್ರಿಗಳು ಸಾಕಷ್ಟು ತಂಪಾದವು ಎನ್ನುವಾಗ ಫ್ರಿಜ್ ಆರಿಸಿ, ಉತ್ತರದ ಗೋಡೆಗೆ ಹೊಂದಿಸಿ ಕಟ್ಟಿದ, ಹೊರಗಾಳಿ ಆಡುವ ಕಪಾಟಿಗೆ ಸಾಮಾನನ್ನು ಸಾಗಿಸುತ್ತೇವೆ. ಸಾಧಾರಣ ಫ್ರಿಜ್ಜೊಂದು ದಿನಕ್ಕೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. 9 ವಾಟ್‌ನ ದೀಪವೊಂದನ್ನು ಸಂಜೆ ನಾಲ್ಕು ಗಂಟೆ ಉರಿಸಿದರೆ ಅದರ ಇಪ್ಪತ್ತೈದರಲ್ಲೊಂದು ಪಾಲೂ ಆಗುವುದಿಲ್ಲ. ಹೊರಗೆ ಚಳಿಯಿರುವಾಗ ಒಳಗೆ ಒಲೆ ಉರಿಸಿ ಕೋಣೆಯನ್ನು ಬೆಚ್ಚಗೆ ಮಾಡಿ, ಆ ಬೆಚ್ಚನೆಯ ಕೋಣೆಯೊಳಗೆ ಇನ್ನೊಂದು ಪೆಟ್ಟಿಗೆಯನ್ನು ವಿದ್ಯುತ್ತಿನಿಂದ ತಣ್ಣಗೆ ಇಡುವುದು ನನಗೆ ಈಗ ಒಪ್ಪಿಕೊಳ್ಳಲಾಗದ ಏರ್ಪಾಡಾಗಿ ಕಾಣುತ್ತದೆ. ಇಸ್ತ್ರಿ, ನೀರೆತ್ತುವ ಪಂಪು, ಹಿಟ್ಟಿನ ಗಿರಣಿಯಂಥವನ್ನೆಲ್ಲ ಬಿಸಿಲು ನೆತ್ತಿಗೆ ಬಂದ ಎರಡು ಮೂರು ಗಂಟೆಗಳಿಗೆ ಸೇರಿಸುತ್ತೇವೆ. ಮೋಡ ಮುಚ್ಚಿದ ದಿನ ಅವು ನಾಳೆಗೆ ಹೋಗುತ್ತವೆ. ಜನರೇಟರ್ ಇದೆ, ಬೇಕಾದಾಗ ಹಚ್ಚುತ್ತೇವೆ. ಆದರೆ ಅದು ಎಷ್ಟು ಹೊತ್ತು ಓಡಿತು ಎಂಬುದರ ಮೇಲೆ ಆ ವರ್ಷದ ಶರತ್ಕಾಲದಲ್ಲಿ ನಾವು ಎಷ್ಟು ಎಚ್ಚರವಾಗಿದ್ದೆವು ಎಂಬುದನ್ನು ಅಳೆಯುತ್ತೇನೆ.

ಸೌದೆಗೆ ಬೇಕಾದ ಎರಡು ಬೇಸಿಗೆ

ಮನೆ ಬೆಚ್ಚಗಿಡುವ ಹೊರೆಯನ್ನು ಫಲಕಗಳ ಮೇಲೆ ಹೊರಿಸಲಾಗದು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು ನಾಲ್ಕು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಡಿಸೆಂಬರ್‌ನ ಮಬ್ಬು ದಿನದಲ್ಲಿ ಸಣ್ಣ ಸೌರ ಏರ್ಪಾಡೊಂದು ಇಡೀ ದಿನ ದುಡಿದರೂ ಅಷ್ಟು ಕೊಡುವುದು ಅಪರೂಪ. ಹಾಗಾಗಿ ಚಳಿಗಾಲದ ನಿಜವಾದ ಬ್ಯಾಟರಿ ಹಿತ್ತಿಲಿನ ಸೌದೆಯ ಒಟ್ಟು, ಮತ್ತು ಅದು ಚಾರ್ಜ್ ಆಗಲು ತೆಗೆದುಕೊಳ್ಳುವ ಕಾಲವೇ ಈ ಮನೆಯ ದಿನಚರಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಆಳುತ್ತದೆ.

ಇದನ್ನು ನನಗೆ ಕಲಿಸಿದವರು ಈ ಮನೆಯನ್ನು ಕಟ್ಟಿದ ನನ್ನ ಮಾವನವರು. ನಾನು ಇಲ್ಲಿಗೆ ಬಂದ ಮೊದಲ ಶರತ್ಕಾಲ ಅದು. ಹಿತ್ತಿಲಲ್ಲಿ ಎರಡು ಒಟ್ಟುಗಳಿದ್ದವು, ಎರಡೂ ಎದೆಮಟ್ಟ, ನನ್ನ ಕಣ್ಣಿಗೆ ಎರಡೂ ಒಂದೇ. ಮಾವನವರು ಹತ್ತಿರದ ಒಟ್ಟಿನಿಂದ ಎರಡು ಸೀಳು ತೆಗೆದು, ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಒಂದಕ್ಕೊಂದು ತಟ್ಟಿದರು. ದಪ್ಪನೆಯ, ಅಲ್ಲಿಗಲ್ಲಿಗೇ ಮುಗಿದುಹೋದ ಸದ್ದು. ಅವನ್ನು ಕೆಳಗಿಟ್ಟು ಆಚೆಯ ಒಟ್ಟಿನಿಂದ ಎರಡು ತಂದು ತಟ್ಟಿದರು. ಈ ಸಲ ಠಣ್ಣೆಂದು ತೆಳುವಾಗಿ, ಸ್ವಲ್ಪ ಹೊತ್ತು ಗಾಳಿಯಲ್ಲಿ ಉಳಿಯುವಂತೆ ಕೇಳಿಸಿತು. "ಕೇಳಿಸಿತೇನಮ್ಮ? ಮೊದಲಿನದು ಬರುವ ವರ್ಷದ್ದು. ಅದನ್ನು ಈಗ ಮುಟ್ಟಬಾರದು" ಎಂದರು. ಆಮೇಲೆ ಒಣಗಿದ ಸೀಳಿನ ತುದಿಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ನಡುವಿನ ತಿರುಳಿನಿಂದ ಅಂಚಿನ ಕಡೆಗೆ ಗೆರೆಗಳಂತೆ ಬಿರುಕು ಬಿಟ್ಟಿತ್ತು, ಬಣ್ಣ ಬೂದಿಗೆ ತಿರುಗಿತ್ತು, ಉಗುರಿನಿಂದ ಕೆರೆದರೆ ತೊಗಟೆ ಸಡಿಲವಾಗಿ ಎದ್ದುಬಂತು. ಹಸಿಯದರ ತೊಗಟೆ ಕೈಗೆ ಅಂಟುವಂತಿತ್ತು, ತೂಕವೂ ಬೇರೆ. ಇದ್ದದ್ದು ಇಷ್ಟೇ ಪಾಠ. ಈಗ ನನ್ನ ಬಳಿ ತೇವಾಂಶ ಅಳೆಯುವ ಸಣ್ಣ ಮೀಟರ್ ಇದೆ, ಹೊಸದಾಗಿ ಸೀಳಿದ ಮುಖಕ್ಕೆ ಅದರ ಸೂಜಿಗಳನ್ನು ಚುಚ್ಚಿ ಶೇಕಡಾ 20ಕ್ಕಿಂತ ಕಡಿಮೆ ಬಂದರೆ ಸರಿ ಎನ್ನುತ್ತೇನೆ. ಆದರೆ ಮೀಟರ್ ತೋರಿಸುವುದಕ್ಕೆ ಮುಂಚೆ ಕೈ ತಾನಾಗಿ ಎರಡು ಸೀಳು ತಟ್ಟಿ ನೋಡಿರುತ್ತದೆ.

ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಅಂಥದ್ದನ್ನು ಒಲೆಗೆ ಹಾಕಿದರೆ ಅದರ ಶಾಖದ ದೊಡ್ಡ ಪಾಲು ಆ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಒಂದು ಕಿಲೋ ನೀರು ಕುದಿದು ಆವಿಯಾಗಲು ಹಿಡಿಯುವ ಶಾಖ, ಅದೇ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾದುದರ ಐದು ಪಟ್ಟಿಗಿಂತ ಹೆಚ್ಚು. ಆ ಆವಿ ಹೊಗೆಯೊಡನೆ ಚಿಮಣಿಯಿಂದ ಹೊರಗೆ ಹೋಗುತ್ತದೆ, ಮನೆಗೆ ಅದರಿಂದ ಏನೂ ಸಿಗುವುದಿಲ್ಲ. ಪೈನ್‌ನಂಥ ಮೆದುಮರ ಸೀಳಿ ಒಟ್ಟಿದ ಒಂದು ಬೇಸಿಗೆಯಲ್ಲಿ ಒಣಗುತ್ತದೆ. ಓಕ್‌ನಂಥ ಗಟ್ಟಿಮರಕ್ಕೆ ಎರಡು ಬೇಸಿಗೆ ಬೇಕು. ಈ ಲೆಕ್ಕದಲ್ಲಿ ಎಷ್ಟು ಜನ ಕೊಡಲಿ ಹಿಡಿದರೂ ಒಂದು ದಿನ ಕೂಡ ಉಳಿಸಲಾಗದು. ಸೆಪ್ಟೆಂಬರ್‌ನಲ್ಲಿ ಇಡೀ ಮನೆಯವರು ಸೇರಿ ಹಸಿಮರ ಕಡಿದು ರಾಶಿ ಹಾಕಿದರೂ ಆ ರಾಶಿ ಈ ಚಳಿಗಾಲಕ್ಕೆ ಸೌದೆಯಾಗುವುದಿಲ್ಲ. ಬಂದವರಿಗೆ ನಾನು ತಿಳಿಸಲು ಹವಣಿಸುವ ಅವಸರ ಇದೇ. ಕೈಕಾಲು ಆಡಿಸಿ ತೀರಿಸಬಹುದಾದ ಅವಸರ ಇದಲ್ಲವಾದ್ದರಿಂದ, ಹೊರಗಿನಿಂದ ನೋಡಿದರೆ ಅದು ನೆಮ್ಮದಿಯಂತೆಯೇ ಕಾಣುತ್ತದೆ.

ಒಟ್ಟಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಳೆ ತಾಗದಿರಲಿ ಎಂದು ಇಡೀ ಒಟ್ಟನ್ನು ಟಾರ್ಪಾಲಿನಲ್ಲಿ ಸುತ್ತಿ ಕಟ್ಟುವವರನ್ನು ನೋಡಿದ್ದೇನೆ. ಅದರಿಂದ ಮಳೆಯ ನೀರು ಒಳಗೆ ಬರುವುದಿಲ್ಲ, ನಿಜ. ಆದರೆ ಮರದೊಳಗಿನ ನೀರೂ ಹೊರಗೆ ಹೋಗುವುದಿಲ್ಲ, ಸೀಳುಗಳ ಮೇಲೆ ಬೂಷ್ಟು ಹಿಡಿಯುತ್ತದೆ. ಮೇಲೆ ಮಾತ್ರ ತಗಡು ಹೊದಿಸಿ, ನೆಲಕ್ಕೆ ತಾಗದಂತೆ ಅಡ್ಡಮರಗಳ ಮೇಲೆ ಒಟ್ಟಿ, ಪಕ್ಕಗಳನ್ನು ಗಾಳಿಗೆ ಬಿಟ್ಟುಬಿಡಬೇಕು. ಸೀಳಿದ ಮುಖ ಮತ್ತು ಕಡಿದ ತುದಿಗಳಿಂದಲೇ ನೀರು ಹೆಚ್ಚಾಗಿ ಹೊರಟುಹೋಗುವುದು, ತೊಗಟೆಯ ಮೂಲಕ ಬಹಳ ಕಡಿಮೆ.

ಹಸಿ ಸೌದೆಯ ಇನ್ನೊಂದು ಕೇಡು ಚಿಮಣಿಯಲ್ಲಿ ಕಾಣಿಸುತ್ತದೆ. ಅರೆಬೆಂದ ತಣ್ಣನೆಯ ಹೊಗೆ ಮೇಲೇರುವಾಗ ಕೊಳವೆಯ ಒಳಮೈಗೆ ತಾರಿನಂಥ ಕ್ರಿಯೊಸೋಟ್ ಅಂಟುತ್ತದೆ. ಅದಕ್ಕೆ ಬೆಂಕಿ ತಗುಲಿದರೆ ಕೊಳವೆಯೊಳಗಿನ ಉಷ್ಣತೆ 1000 ಡಿಗ್ರಿ ದಾಟಬಹುದು, ಮಾಡಿಗೆ ಬೆಂಕಿ ಹಿಡಿಯಲು ಅಷ್ಟು ಸಾಕು. ಒಲೆ ಹಚ್ಚುವ ಕಾಲ ಶುರುವಾಗುವ ಮುಂಚೆ ಉದ್ದ ಹಿಡಿಯ ಬ್ರಶ್ಶಿನಿಂದ ಕೊಳವೆಯನ್ನು ತಿಕ್ಕುತ್ತೇವೆ. ಕೆಳಗೆ ಬೀಳುವುದು ಹಗುರವಾದ ಕಪ್ಪು ಮಸಿಯಾಗಿದ್ದರೆ ಕಳೆದ ಚಳಿಗಾಲದಲ್ಲಿ ಉರಿಸಿದ ಸೌದೆ ಒಣಗಿತ್ತು ಎಂದರ್ಥ. ಹೊಳೆಯುವ, ಗಾಜಿನಂತೆ ಒಡೆಯುವ ಚಕ್ಕೆಗಳಿದ್ದರೆ ಯೋಚಿಸಬೇಕಾದ ಮಾತು. ಆ ಪದರ 3 ಮಿಲಿಮೀಟರ್ ದಪ್ಪವಾಗುವವರೆಗೆ ಬಿಡಬಾರದೆಂಬುದು ಚಿಮಣಿ ಕೆಲಸದವರು ಇಟ್ಟುಕೊಂಡಿರುವ ಅಳತೆ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಅಲಾರಾಮಿನ ಬ್ಯಾಟರಿಯನ್ನೂ ಅದೇ ದಿನ ಬದಲಿಸುತ್ತೇವೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಒಲೆಯ ಪಕ್ಕ ಮಲಗುವ ಮನೆಯಲ್ಲಿ ಅದನ್ನು ಮರೆಯುವಂತಿಲ್ಲ.

ನೀರು ಇಳಿಸುವ ಸಂಜೆ

ಸೌದೆಯ ಗಡುವು ತಿಂಗಳುಗಟ್ಟಲೆ ಮುಂಚೆಯೇ ಬರುತ್ತದೆ. ನೀರಿನ ಗಡುವು ಒಂದೇ ಸಂಜೆಯಲ್ಲಿ ಬಂದು ನಿಲ್ಲುತ್ತದೆ. ಬೆಟ್ಟದ ಮೇಲಿನ ಒರತೆಯಿಂದ ತಾನಾಗಿ ಇಳಿದುಬರುವ ನಮ್ಮ ನೀರಿನ ಕೊಳವೆ ಬಹುಪಾಲು ನೆಲದಾಳದಲ್ಲಿದೆ, ಅಷ್ಟು ಆಳಕ್ಕೆ ಚಳಿ ಇಳಿಯುವುದಿಲ್ಲ. ತೊಂದರೆಯಿರುವುದು ತೋಟಕ್ಕೂ ಕೊಟ್ಟಿಗೆಗೂ ಹೋಗುವ, ನೆಲದ ಮೇಲೆಯೇ ಹಾಯ್ದಿರುವ ಕೊಳವೆಗಳಿಗೆ. ತಾರೀಖು ನೋಡಿ ಅವನ್ನು ಖಾಲಿ ಮಾಡಲಾಗದು. ಬೇಗ ಮಾಡಿದರೆ ತೋಟದ ಕೊನೆಯ ಬೆಳೆಗೆ ನೀರಿಲ್ಲ, ಒಂದು ರಾತ್ರಿ ತಡವಾದರೆ ಕೊಳವೆಯೇ ಇಲ್ಲ.

ಹೋದ ವರ್ಷದ ಆ ಸಂಜೆ ಚೆನ್ನಾಗಿ ನೆನಪಿದೆ. ಬೆಳಗಿನಿಂದ ಮುಸುಕಿದ್ದ ಮೋಡ ಇಳಿಹೊತ್ತಿನಲ್ಲಿ ಪೂರ್ತಿ ಚೆದುರಿತು, ಅದರ ಹಿಂದೆಯೇ ಗಾಳಿಯೂ ನಿಂತಿತು. ಇವೆರಡೂ ಒಟ್ಟಿಗೆ ಆದರೆ ನೆಲದ ಬಿಸಿಯನ್ನು ಹಿಡಿದಿಡಲು ಮೇಲೆ ಏನೂ ಇರುವುದಿಲ್ಲ, ರಾತ್ರಿ ಅದು ಆಕಾಶಕ್ಕೆ ಹರಿದುಹೋಗುತ್ತದೆ. ನಮ್ಮವರು ಮುಖ ಸಿಂಡರಿಸದೆ ಊಟದ ತಟ್ಟೆ ಪಕ್ಕಕ್ಕಿಟ್ಟು ಎದ್ದರು, ನಾನು ಟಾರ್ಚ್ ಹಿಡಿದು ಹಿಂದೆ ಹೋದೆ. ಮೇಲಿನ ವಾಲ್ವಿನ ಹಿಡಿ ಆಗಲೇ ಕೈಗೆ ಕೊರೆಯುವಷ್ಟು ತಣ್ಣಗಿತ್ತು. ಅದನ್ನು ಮುಚ್ಚಿ, ತಗ್ಗಿನ ತುದಿಯ ಬಿರಡೆ ತಿರುಗಿಸಿದಾಗ ನೀರು ಮೊದಲು ರಭಸದಿಂದ, ಆಮೇಲೆ ಬೆರಳಿನ ಗಾತ್ರಕ್ಕೆ, ಆಮೇಲೆ ಎಳೆಯಾಗಿ ಇಳಿಯಿತು. ಇಳಿಯುವುದು ನಿಂತ ಮೇಲೂ ಕೊಳವೆಯಲ್ಲಿ ನೀರು ಉಳಿದಿರುತ್ತದೆ, ಏಕೆಂದರೆ ಒಳಗೆ ಗಾಳಿ ಬರಲು ದಾರಿಯಿಲ್ಲ. ಕೊಟ್ಟಿಗೆಯ ನಲ್ಲಿಯನ್ನು ತೆರೆದಾಗ ಅದು ಸೂಸೆಂದು ಗಾಳಿಯನ್ನು ಒಳಗೆಳೆದುಕೊಂಡಿತು, ತಗ್ಗಿನ ತುದಿಯಲ್ಲಿ ಗೊಳಕ್ಕೆಂದು ಇನ್ನೊಂದು ಬಕೆಟ್ಟಿನಷ್ಟು ನೀರು ಸುರಿಯಿತು. ಎರಡು ಕಂಬಗಳ ನಡುವೆ ಜೋತುಬಿದ್ದಿದ್ದ ಕಡೆ ಕೊಳವೆಯನ್ನು ಹೆಗಲಿಗೆತ್ತಿ ತುದಿಯವರೆಗೂ ನಡೆದು, ಒಳಗಿದ್ದ ಕೊನೆಯ ನೀರನ್ನೂ ಓಡಿಸಿದೆವು. ಬೆಳಿಗ್ಗೆ ಎದ್ದು ನೋಡಿದರೆ ಆ ಬಕೆಟ್ಟಿನ ಮೇಲೆ ಗಟ್ಟಿ ಪದರ ಕಟ್ಟಿತ್ತು.

ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿದ್ದು, ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇಕಡಾ 9 ಹಿಗ್ಗುತ್ತದೆ. ಕೊಳವೆ ಒಡೆಯುವುದು ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಎಂದುಕೊಳ್ಳುವುದು ಸಹಜ. ಹಲವು ಸಲ ಅದು ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡದಿಂದ, ಗಡ್ಡೆಯಿಂದ ದೂರದಲ್ಲಿ ಸೀಳುತ್ತದೆ. ಖಾಲಿ ಮಾಡಿದ ಕೊಳವೆಯ ನಲ್ಲಿಗಳನ್ನು ಚಳಿಗಾಲವಿಡೀ ತೆರೆದೇ ಬಿಡಬೇಕೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿರುವುದು ಈ ಕಾರಣಕ್ಕೆ. ನೋಡಿದ ಮಕ್ಕಳು ಅಭ್ಯಾಸಬಲದಿಂದ ಅವನ್ನು ಮುಚ್ಚುತ್ತಾರೆ, ನಾವು ಮತ್ತೆ ತೆರೆಯುತ್ತೇವೆ.

ಕತ್ತಲೆಗೆ ಒಪ್ಪಿಸುವುದು

ನೆಲಮಾಳಿಗೆಯ ಕೆಲಸದಲ್ಲಿ ಗದ್ದಲವಿಲ್ಲ. ಅಗೆದ ಆಲೂಗಡ್ಡೆಯನ್ನು ತೊಳೆಯದೆ, 10ರಿಂದ 15 ಡಿಗ್ರಿಯ ಕತ್ತಲೆಯಲ್ಲಿ ಒಂದೆರಡು ವಾರ ಹರಡಿ ಬಿಟ್ಟರೆ ಗುದ್ದಲಿ ತಾಗಿದ ಗಾಯಗಳು ತಾವಾಗಿ ಒಣಗಿ ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಇನ್ನಷ್ಟು ತಂಪಿಗೆ ಇಳಿಸಬೇಕು, ಬೆಳಕು ಮಾತ್ರ ಸೋಕಬಾರದು. ಹಸಿರಾದ ಆಲೂಗಡ್ಡೆಯಲ್ಲಿ ಸೊಲನೈನ್ ಎಂಬ ವಿಷ ಸೇರಿರುತ್ತದೆ. ಈರುಳ್ಳಿಗೂ ಬೆಳ್ಳುಳ್ಳಿಗೂ ಒಣಗಾಳಿ ಬೇಕು, ಕ್ಯಾರೆಟ್‌ಗೆ ಒದ್ದೆ ಮರಳು, ಕುಂಬಳಕ್ಕೆ ಮಾಳಿಗೆಗಿಂತ ಬೆಚ್ಚನೆಯ ಒಣಜಾಗ. ಸೇಬನ್ನು ಇವೆಲ್ಲವುಗಳಿಂದ ದೂರ ಇಡುತ್ತೇವೆ. ಅದು ಬಿಡುವ ಎಥಿಲೀನ್ ಅನಿಲ ತಾಗಿದರೆ ಕ್ಯಾರೆಟ್ ಕಹಿಯಾಗುತ್ತದೆ. ಈ ಕೋಣೆಯನ್ನು ತಣ್ಣಗಿಡಲು ಒಂದು ವಾಟ್ ವಿದ್ಯುತ್ತೂ ಖರ್ಚಾಗುವುದಿಲ್ಲ ಎಂಬುದು ಪ್ರತಿವರ್ಷ ನನಗೆ ಸಂತೋಷ ಕೊಡುವ ಸಂಗತಿ. ಸಂಜೆ ಕಿಂಡಿ ತೆರೆದು ರಾತ್ರಿಯ ಚಳಿಯನ್ನು ಒಳಗೆ ಬಿಟ್ಟು, ಬೆಳಿಗ್ಗೆ ಬಿಸಿಲೇರುವ ಮುಂಚೆ ಮುಚ್ಚುತ್ತ ಹೋದರೆ ಕೆಲವೇ ವಾರಗಳಲ್ಲಿ ಗೋಡೆಯ ಕಲ್ಲುಗಳು ತಂಪನ್ನು ಹಿಡಿದುಕೊಳ್ಳುತ್ತವೆ.

ತರಗೆಲೆಯ ವಿಷಯದಲ್ಲೂ ನಮಗಿರುವ ಕೆಲಸ ರಾಶಿ ಮಾಡುವುದಷ್ಟೇ. ಮರ ಎಲೆಯನ್ನು ಉದುರಿಸುವ ಮುಂಚೆ ಅದರಲ್ಲಿರುವ ಸಾರಜನಕದ ಅರ್ಧದಷ್ಟನ್ನು ರೆಂಬೆಗೆ ವಾಪಸ್ ಎಳೆದುಕೊಂಡಿರುತ್ತದೆ, ಹಸಿರು ಕರಗಿ ಹಳದಿ ಕಾಣುವುದು ಆ ಕೆಲಸ ನಡೆಯುತ್ತಿರುವುದರ ಗುರುತು. ಸಾರ ಕಳೆದುಕೊಂಡ ಇಂಥ ಎಲೆ ಗೊಬ್ಬರವಾಗಲು ಒಂದೆರಡು ವರ್ಷ ಹಿಡಿಯುತ್ತದೆ. ಕೊಟ್ಟಿಗೆಯ ಸಗಣಿ ಬೆರೆಸಿದರೆ ಬೇಗ ಆಗುತ್ತದೆ. ಬೆರೆಸದೆ ಬಿಟ್ಟರೂ ಕಡೆಗೆ ಕೈಯಲ್ಲಿ ಹಿಡಿದರೆ ಉದುರುವ, ನೀರು ಹಿಡಿದಿಡುವ ಕಪ್ಪುಮಣ್ಣು ಸಿಗುತ್ತದೆ. ಎಲೆಗಳನ್ನು ಗುಡಿಸಿ ಸುಟ್ಟುಬಿಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇಷ್ಟಾದ ಮೇಲೆ, ಅಕ್ಟೋಬರ್ ಮುಗಿಯುವ ಹೊತ್ತಿಗೆ, ಎಲೆ ಉದುರಿದ ಕಾಡಿಗೆ ಹೋಗಿ ಮುಂದೆ ಕಡಿಯಬೇಕಾದ ಮರಗಳಿಗೆ ಗುರುತು ಹಾಕುತ್ತೇವೆ. ಒಣಗಿ ನಿಂತವು, ಗಾಳಿಗೆ ವಾಲಿದವು, ಒತ್ತೊತ್ತಾಗಿ ಬೆಳೆದು ಪಕ್ಕದ್ದನ್ನು ಏಳಗೊಡದವು ಮೊದಲು. ಈ ಚಳಿಗಾಲದಲ್ಲಿ ಅವನ್ನು ಉರುಳಿಸಿ, ವಸಂತ ಬರುವ ಮುನ್ನ ಸೀಳಿ ಒಟ್ಟಿದರೆ ಬರುವ ಬೇಸಿಗೆಯೂ ಅದರಾಚೆಯ ಬೇಸಿಗೆಯೂ ಪೂರ್ತಿಯಾಗಿ ಅವಕ್ಕೆ ಸಿಗುತ್ತವೆ. ಹಿತ್ತಿಲಲ್ಲಿ ಈಗ ಮೂರನೆಯ ಒಟ್ಟಿಗೆ ಜಾಗ ಮಾಡಬೇಕಾಗಿದೆ. ಕೊಟ್ಟಿಗೆಯ ಹಿಂಬದಿ ಹತ್ತಿರವಾಗುತ್ತದೆ, ಆದರೆ ಅಲ್ಲಿ ಗಾಳಿ ಆಡುವುದಿಲ್ಲ. ಬೇಲಿಯ ಪಕ್ಕದ ಏರಿನಲ್ಲಿ ಗಾಳಿಯೂ ಬಿಸಿಲೂ ಇವೆ, ಹಿಮ ಬಿದ್ದ ಮೇಲೆ ಅಲ್ಲಿಂದ ಹೊತ್ತು ತರುವುದು ಕಷ್ಟ. ಒಣಗುವುದು ಮೊದಲು, ಹೊರುವುದು ಆಮೇಲಿನ ಮಾತು ಎಂದು ಏರಿನಲ್ಲೇ ಒಟ್ಟಲು ತೀರ್ಮಾನಿಸಿದ್ದೇವೆ. ಅಡ್ಡಮರಗಳನ್ನು ನಾಳೆಯಿಂದ ಅಲ್ಲಿಗೆ ಸಾಗಿಸಬೇಕು.